ಟವೆಲ್ಲಿನ ಕೆಳಗಿನ ಕೈ

ಅಪ್ಪ ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ವ್ಯಾಪಾರಿ. ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ಎದುರಿನವರ ಬೆರಳು ಒತ್ತಿ ತಿಳಿಸುತ್ತಿದ್ದರು. ಆ ಲೆಕ್ಕವನ್ನು ಮನೆಯಲ್ಲಿ ನನಗೂ ಕಲಿಸಿದ್ದರು. ಮಂಡಿಗೆ ಮಾತ್ರ ಕರೆದೊಯ್ಯಲಿಲ್ಲ. “ಹೆಣ್ಮಕ್ಕಳ ಕೈಯ ಅಲ್ಲಿ ಯಾರೂ ಹಿಡಿಯಲ್ಲ ಕಣಮ್ಮ” ಅನ್ನುತ್ತಿದ್ದರು.

ಮುಂದೆ ಹಿಂದೂಪುರದ ವಾಣಿಜ್ಯ ಮಂಡಳಿಗೆ ಟೈಪಿಸ್ಟಾಗಿ ಸೇರಿದೆ. ಈಗ ಅಲ್ಲಿಯೇ ಕಾರ್ಯದರ್ಶಿ. ಗೌರವಕ್ಕೇನೂ ಕಡಿಮೆಯಿಲ್ಲ. ಹುಣಸೆ, ಬೆಲ್ಲದ ವ್ಯಾಪಾರಿಗಳೆಲ್ಲ ಮೇಡಂ ಎಂದು ದೂರದಿಂದಲೇ ಕೈ ಮುಗಿಯುತ್ತಾರೆ. ಫೋನಿನಲ್ಲೇ ಹರಾಜಿಗೆ ಬೆಲೆ ಹಾಕುವುದನ್ನು ಅವರಿಗೆ ಕಲಿಸಿದವಳೂ ನಾನೇ. ಟವೆಲ್ಲುಗಳು ಈಗ ಬೆವರು ಒರೆಸಲಷ್ಟೇ ಉಳಿದಿವೆ. ಒಮ್ಮೆಯಾದರೂ ಅವುಗಳ ಕೆಳಗೆ ಕೈ ಇಡಬೇಕೆಂಬ ಆಸೆಯನ್ನು ಯಾರಿಗೆ ಹೇಳಬಹುದಿತ್ತು?

ಕಳೆದ ತಿಂಗಳು ಅದೇ ಫೋನಿನ ಪಾಠ ಹೇಳಲು ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಪಾಠ ಮುಗಿದ ಮೇಲೆ ಅಪ್ಪನ ಜೊತೆ ವ್ಯಾಪಾರ ಮಾಡುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದರು. ಅಪ್ಪ ತೀರಿಕೊಂಡ ಮೇಲೆ ಅವರನ್ನು ಕಂಡದ್ದು ಅದೇ ಮೊದಲು. ಹೆಗಲ ಮೇಲಿನ ಟವೆಲ್ಲನ್ನು ತಮ್ಮ ಬಲಗೈ ಮೇಲೆ ಹರಡಿಕೊಂಡರು.

“ಕೈ ಇಡು ತಲ್ಲೀ. ನಿಮ್ಮಪ್ಪ ಕಲಿಸಿದ್ದು ನೆನಪೈತಾ ನೋಡಾನ.”

ಇಟ್ಟೆ. ಒರಟಾದ, ಬೆಚ್ಚಗಿನ ಅಂಗೈ. ಅಪ್ಪ ಕಲಿಸಿದಂತೆಯೇ ಒಂದು ಬೆಲೆ ಒತ್ತಿದೆ.

“ಜಾಸ್ತಿ ಆಯ್ತು ಕಣಮ್ಮ” ಎಂದು ಅವರು ಇಳಿಸಿ ಒತ್ತಿದರು. ನಾನು ಸ್ವಲ್ಪ ಏರಿಸಿದೆ. ನಮ್ಮ ನಡುವೆ ಮಾರುವ ಸರಕೇ ಇರಲಿಲ್ಲ. ಆದರೂ ಚೌಕಾಸಿ ಬಿಡಲಿಲ್ಲ. ಒಪ್ಪಿಕೊಂಡರೆ ಕೈ ಬಿಡಬೇಕಲ್ಲ.