ಕೋದಂಡರಾಮಪ್ಪನವರ ಸೀಮೆ ಸರಕು

ನಮ್ಮ ಕೋದಂಡರಾಮಪ್ಪನವರಿಗೆ ಸ್ಕಾಟ್ಲೆಂಡಿನ ಸಿಂಗಲ್ ಮಾಲ್ಟ್ ವಿಸ್ಕಿ ಬಾಟಲಿಗಳನ್ನು ಕೂಡಿಡುವ ಹುಚ್ಚು. ಕುಡಿಯುವುದಕ್ಕಲ್ಲ, ಗಾಜಿನ ಬೀರುವಿನಲ್ಲಿಟ್ಟು ನೋಡುವುದಕ್ಕೆ. ಆದರೆ ಒಂದೇ ಅಂಗಡಿಯ ಬೆಲೆಯನ್ನು ಅವರ ಜೀವ ನಂಬದು. ಕೋಲಾರದಲ್ಲಿ ವಿಚಾರಿಸಿದರೆ ಮಾಲೂರಿಗೆ ಓಡಬೇಕು, ಅಲ್ಲಿಂದ ಮುಳಬಾಗಿಲಿನ ಬಸ್ಸು ಹತ್ತಬೇಕು. "ಏಮಯ್ಯಾ, ಮಾಲೂರಲ್ಲಿ ಇನ್ನೂ ಕಮ್ಮಿ!" ಎಂದು ಅಂಗಡಿಯವನೊಡನೆ ಜಗಳವಾಡಿ ಉಳಿಸಿದ್ದು ಬಸ್ ಚಾರ್ಜಿಗೂ ಸಾಲದು. ಕೊಂಡು ತಂದ ಮೇಲೂ, ಶ್ರೀನಿವಾಸಪುರದಲ್ಲಿ ಕೇಳಲಿಲ್ಲವಲ್ಲ ಎಂದು ಊಟ ಸೇರದು. ಹೆಂಡತಿ ಶ್ಯಾಮಲಮ್ಮ ಬೀರು ಒರೆಸಲು ಹೋದರೆ "ಮುಟ್ಬೇಡ ಕಣೇ!" ಎಂದು ಚೀರುತ್ತಾರೆ. ಮೊನ್ನೆ, ಡಾಕ್ಟರು ಕೈಚೆಲ್ಲಿದ್ದ ಬಾಲ್ಯದ ಗೆಳೆಯ ಮುನಿಶಾಮಿ ಮಲಗಿದಲ್ಲಿಂದಲೇ, "ನಿನ್ನ ಸೀಮೆ ಸರಕು ಹೆಂಗಿರ್ತದೋ?" ಎಂದ. ಕೋದಂಡರಾಮಪ್ಪ ಮನೆಗೆ ಓಡಿ, ಎಲ್ಲಕ್ಕಿಂತ ದುಬಾರಿ ಬಾಟಲಿಯನ್ನೇ ತಂದು ಮುಚ್ಚಳ ತೆಗೆದರು. "ಎಷ್ಟು ಕೊಟ್ಟೆ?" ಎಂದ ಮುನಿಶಾಮಿ. "ಗ್ಯಾಪಕ ಇಲ್ಲ ಕಣೋ, ಬಾಯಿ ತೆಗಿ," ಎಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಮಚದಲ್ಲಿ ಕುಡಿಸಿದರು.