ಬೋಗುಣಿ ನೀರಿನಲ್ಲಿ ಕಾಣದ ಮುಖ

ನಡುಮನೆಯಲ್ಲಿ ರಕ್ತದ ಹೆಜ್ಜೆಗಳಿದ್ದವು. ಅಡಿಗೆಮನೆಯ ಹೊಸಿಲಿನಿಂದ ಹೊರಟು ತೊಟ್ಟಿಲ ಹತ್ತಿರ ಬಂದು ನಿಂತಿದ್ದವು. ಎಲ್ಲವೂ ಎಡಗಾಲಿನವು. ನಾನು ತೊಟ್ಟಿಲ ಪಕ್ಕದಲ್ಲೇ ನಿಂತುಕೊಂಡು, ಇದು ಯಾರ ಕಾಲು ಎಂದು ಅತ್ತೆಯನ್ನು ಕೇಳಿದೆ.

ಅತ್ತೆ ನನ್ನ ಕಾಲು ನೋಡಿದರು.

ಕಾಲುಂಗುರ ಹೊಸಿಲಿಗೆ ಸಿಕ್ಕಿ ಬೆರಳಿನ ಚರ್ಮವನ್ನೇ ಕಿತ್ತಿತ್ತು. ನನಗೆ ಒಂದು ಚೂರೂ ಗೊತ್ತಾಗಿರಲಿಲ್ಲ. ಇರುವೆ ಕಚ್ಚಿದರೆ ಬೀದಿಗೆಲ್ಲ ಕೇಳುವಂತೆ ಕೂಗುವ ಜಾತಿ ನನ್ನದು. ಆ ದಿನ ಕೆಳಗೆ ಕೂತು ಬೆರಳನ್ನು ಹಿಸುಕಿದೆ. ಬೇರೆ ಯಾರದೋ ಬೆರಳನ್ನು ಹಿಸುಕಿದ ಹಾಗಿತ್ತು.

ಅದು ನಮ್ಮ ಮನೆಯಲ್ಲ. ನಮ್ಮ ಮನೆ ಹನೂರಿನಲ್ಲಿ. ಕೊಳ್ಳೇಗಾಲದಲ್ಲಿ ನೆಂಟರ ಖಾಲಿ ಮನೆಯೊಂದಿತ್ತು. ನನಗೆ ದಿನಾ ಹೊಟ್ಟೆಗೆ ಇಂಜೆಕ್ಷನ್ ಹಾಕಿಸಬೇಕಾಗಿದ್ದರಿಂದ ಯಜಮಾನರು, ಅತ್ತೆ, ನಾನು, ಹಾಲು ಕುಡಿಯುವ ನನ್ನ ಮಗಳು ಚಿನ್ನಿ, ನಾಲ್ವರೂ ಅಲ್ಲಿಗೆ ಬಂದಿದ್ದೆವು.

ಇಂಜೆಕ್ಷನ್ ಯಾಕೆಂದರೆ, ನಮ್ಮ ಹಸು ಸತ್ತಿತ್ತು. ಕಾಡಂಚಿನಲ್ಲಿ ಮೇಯಲು ಹೋಗುತ್ತಿದ್ದ ಸಾಧು ಹಸು. ಒಂದು ದಿನ ಜೊಲ್ಲು ಸುರಿಸಿಕೊಂಡು ಬಂತು. ನೀರು ಮುಟ್ಟಲಿಲ್ಲ. ಒಡೆದ ಗಂಟಲಲ್ಲಿ ಕೂಗುತ್ತಲೇ ಇತ್ತು. ಜೋಳದ ದಂಟು ಗಂಟಲಿಗೆ ಸಿಕ್ಕಿದೆ ಎಂದುಕೊಂಡೆವು. ಹಳ್ಳಿಯಲ್ಲಿ ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಾರೆ. ಅತ್ತೆ ಹೇಳಿದರು, “ನಿನ್ ಕೈ ಸಣ್ದು ಕಣವ್ವ, ನೀನೇ ಆಕು.” ನಾನು ಬಳೆ ತೆಗೆದಿಟ್ಟು ಮೊಣಕೈವರೆಗೆ ಕೈ ಹಾಕಿದೆ. ಗಂಟಲಲ್ಲಿ ಏನೂ ಇರಲಿಲ್ಲ. ಹಲ್ಲು ತಗುಲಿ ಕೈ ಗೀರಿತು. ಹಸು ಸತ್ತ ಮೇಲೆ ಬಂದ ದನದ ಡಾಕ್ಟರು, ಎಲ್ಲೋ ಹುಚ್ಚುನಾಯಿ ಕಚ್ಚಿದೆ, ಬಾಯಿಗೆ ಕೈ ಹಾಕಿದವರು ಇವತ್ತೇ ಕೊಳ್ಳೇಗಾಲಕ್ಕೆ ಹೋಗಿ ಎಂದರು.

ಹದಿನಾಲ್ಕು ಇಂಜೆಕ್ಷನ್ ಎಂದಿದ್ದರು. ಇನ್ನೂ ಒಂದಷ್ಟು ಬಾಕಿ ಇರುವಾಗ ಈ ರಕ್ತದ ಹೆಜ್ಜೆ ಕಾಣಿಸಿತು.

ಅತ್ತೆ ಹಿತ್ತಾಳೆ ಬೋಗುಣಿಗೆ ನೀರು ತುಂಬಿ ತಂದು ನನ್ನ ಮುಂದಿಟ್ಟರು. ನಾಯಿಯ ನಂಜು ಏರಿದವರು ನೀರು ನೋಡಿದರೆ ತಮ್ಮ ಮುಖದ ಬದಲು ನಾಯಿ ಕಾಣುತ್ತದೆ ಎಂದು ನಮ್ಮ ಕಡೆ ನಂಬುತ್ತಾರೆ. ನಾನು ಯಳಂದೂರಿನ ಶಾಲೆ ಮೇಷ್ಟರ ಮಗಳು, ಇಂಥದ್ದಕ್ಕೆಲ್ಲ ನಗುವವಳು. ನನಗೆ ಕಚ್ಚಿದ್ದು ಹಸುವಲ್ಲವೆ, ಈಗ ನಾಯಿ ಕಾಣಬೇಕೋ ಹಸು ಕಾಣಬೇಕೋ ಎಂದು ಕೇಳಿದೆ. ಅತ್ತೆ ನಗಲಿಲ್ಲ. ಬಗ್ಗಿ ನೋಡಿದೆ. ನನ್ನ ಮುಖವೇ ಇತ್ತು. ಕುಂಕುಮ ಸ್ವಲ್ಪ ಕದಡಿತ್ತು, ಅಷ್ಟೆ.

ಮಾರನೆಯ ಬೆಳಿಗ್ಗೆ ಎರಡು ಕಾಲೂ ಇರಲಿಲ್ಲ.

ಇದ್ದವು, ಚಾಪೆಯ ಮೇಲೆ. ನನ್ನ ಮಾತು ಕೇಳುತ್ತಿರಲಿಲ್ಲ. ಸೊಂಟಕ್ಕೆ ಯಾರೋ ಹಗ್ಗ ಸುತ್ತಿ ಬಿಗಿದ ಹಾಗಿತ್ತು, ಅದರಿಂದ ಕೆಳಗೆ ಬರೀ ಭಾರ. ಗಾಡಿಯಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು. ಕೊಳ್ಳೇಗಾಲ ಆಗಿನ್ನೂ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಡಾಕ್ಟರು ಅಲ್ಲಿಂದ ಬಂದವರು, ತಮಿಳಿನವರು. ಪಿನ್ನಿನಿಂದ ಚುಚ್ಚಿದರು. ಸಣ್ಣ ಸುತ್ತಿಗೆಯಿಂದ ಮಂಡಿಗೆ ತಟ್ಟಿದರು. ಅವರ ಮುಖ ಸಣ್ಣದಾಯಿತು. ಇನ್ನು ಇಂಜೆಕ್ಷನ್ ಬೇಡವೇ ಬೇಡ, ವಾರ್ಡಿನಲ್ಲಿ ಹಾಸಿಗೆ ಇಲ್ಲ, ಮನೆಯಲ್ಲೇ ಮಲಗಿಸಿ, ಮೂತ್ರ ನಿಂತರೆ ಕೂಡಲೇ ಕರೆತನ್ನಿ ಎಂದರು. ಆಮೇಲೆ ಯಜಮಾನರಿಗೆ ತಮಿಳಿನಲ್ಲಿ ಏನೇನೋ ವಿವರಿಸಿದರು.

ಯಜಮಾನರು ಹುಣಸೆಹಣ್ಣಿನ ವ್ಯಾಪಾರಿ. ಅವರ ತಮಿಳು ಸಂತೆಯ ತಮಿಳು. ಹೊರಗೆ ಬಂದು ಅತ್ತೆಗೆ, “ಮೂಳೆ ಅಂದ್ರು ಕಣವ್ವ. ಮೂಳೆ, ನರ. ನಾಯಿ ನಂಜು ಇರಲಾರ್ದು” ಎಂದರು.

ಮೂಳೆ ಎಂದ ಮೇಲೆ ಮನೆಯಲ್ಲಿ ಉಸಿರಾಟ ಶುರುವಾಯಿತು. ಮೂಳೆ ಕಟ್ಟುವವರು ಬಂದು ಎರಡು ಕಾಲಿಗೂ ಎಣ್ಣೆ ಹಚ್ಚಿ ಬಿದಿರಿನ ದಬ್ಬೆ ಕಟ್ಟಿದರು. ಅತ್ತೆ ಚಿನ್ನಿಯನ್ನು ತಂದು ನನ್ನ ಎದೆಯ ಮೇಲೆ ಮಲಗಿಸಿದರು. ಅವಳು ಹಾಲು ಕುಡಿಯುತ್ತ ನನ್ನ ಮೂಗುತಿ ತಿರುಗಿಸುವಳು. ಕಾಲಿಲ್ಲದಿದ್ದರೂ ಆ ದಿನಗಳಲ್ಲಿ ನಾನು ಸುಖವಾಗಿಯೇ ಇದ್ದೆ. ಒಂದು ಮಧ್ಯಾಹ್ನ ದಬ್ಬೆಯೊಳಗಿನ ಕಾಲು ತಾನಾಗಿಯೇ ಅದುರಿತು, ಮಲಗಿದ ನಾಯಿ ಕನಸಿನಲ್ಲಿ ಕಾಲು ಆಡಿಸುವುದಿಲ್ಲವೆ, ಹಾಗೆ. ನಾನು ಆಡಿಸಿರಲಿಲ್ಲ. ಅತ್ತೆ ನೋಡಿದರು. ಮಗುವನ್ನು ಎತ್ತಿಕೊಂಡು ಹೊರಗೆ ಹೋದರು.

ಮಾರನೆಯ ಬೆಳಿಗ್ಗೆ ಬೋಗುಣಿ ಮತ್ತೆ ಬಂತು. ಮೊಣಕೈ ಊರಿ ಪಕ್ಕಕ್ಕೆ ಹೊರಳಿದೆ.

ಬಗ್ಗಿದೆ. ಬೋಗುಣಿಯ ಅಂಚು ಕಂಡಿತು, ಹೊಳೆಯುವ ಹಿತ್ತಾಳೆ. ಅಂಚಿನ ಒಳಗೆ ನೀರಿನ ಸುತ್ತ ಸೂರಿನ ನೆರಳು, ನನ್ನ ಜಡೆಯ ತುದಿ. ಮುಖ ಇರಬೇಕಾದ ಜಾಗದಲ್ಲಿ ಬೂದಿ ಬಣ್ಣದ ಒಂದು ತೂತು.

“ಏನ್ ಕಂಡದವ್ವ?”

“ಏನೂ ಕಾಣಲ್ಲ ಅತ್ತೆ.”

ನಾಯಿ ಕಂಡರೆ ಏನು ಮಾಡಬೇಕೆಂದು ಅತ್ತೆಗೆ ಗೊತ್ತಿತ್ತು. ನನ್ನ ಮುಖ ಕಂಡರೂ ಗೊತ್ತಿತ್ತು. ಏನೂ ಕಾಣದಿದ್ದರೆ ಏನೆಂದು ಅವರಿಗೆ ಹಿರಿಯರು ಯಾರೂ ಹೇಳಿರಲಿಲ್ಲ. ನೀರಲ್ಲಿ ಮುಖ ಬೀಳದ್ದು ದೆವ್ವಕ್ಕಲ್ಲವೆ ಎಂದು ಅವರು ಯೋಚಿಸುತ್ತಿದ್ದಾರೆಂದು ನನಗೆ ಗೊತ್ತಾಯಿತು, ಯಾಕೆಂದರೆ ನಾನೂ ಅದನ್ನೇ ಯೋಚಿಸುತ್ತಿದ್ದೆ. ತಲೆ ಎತ್ತಿ ಅವರನ್ನು ನೋಡಿದೆ. ನರೆತ ಕೂದಲಿತ್ತು, ಕಿವಿಯ ಓಲೆಯಿತ್ತು, ನಡುವೆ ಮುಖವಿರಲಿಲ್ಲ. ಅವರ ಸೊಂಟದ ಮೇಲೆ ಚಿನ್ನಿಯ ಕುಲಾವಿ ಇತ್ತು, ಕೈಬಳೆ ಇತ್ತು. ಮುಖವಿಲ್ಲದ ಕೂಸು ನನ್ನ ಕಡೆ ಕೈ ಚಾಚಿತು. ನಾನು ಕಿರುಚಿದೆನಂತೆ. ಅತ್ತೆ ಮಗುವನ್ನು ಅವಚಿಕೊಂಡು ಹಿಂದೆ ಸರಿದರು.

“ಮೂಳೆ ಕಾಯ್ಲೆ ಕಣ್ಣ ತಿಂದದಾ?” ಎಂದು ಅವರು ಯಜಮಾನರನ್ನು ಕೇಳಿದ್ದು ಒಳಗಿನಿಂದ ಕೇಳಿಸಿತು.

ಮಧ್ಯಾಹ್ನದ ಹೊತ್ತಿಗೆ ಮೂತ್ರವೂ ನಿಂತು ಹೊಟ್ಟೆ ಕಲ್ಲಾಯಿತು. ಮತ್ತೆ ಆಸ್ಪತ್ರೆ. ಈ ಸಲ ಹಾಸಿಗೆ ಸಿಕ್ಕಿತು, ಕ್ಯಾಥೆಟರ್ ಹಾಕಿದರು. ಡಾಕ್ಟರು ಬಿದಿರಿನ ದಬ್ಬೆ ನೋಡಿ ಇದೇನೆಂದು ಕೇಳಿದರು. ನೀವೇ ಮೂಳೆ ಎಂದಿರಲ್ಲ ಎಂದರು ಯಜಮಾನರು. ವಾರ್ಡಿನ ನರ್ಸ್ ಮೈಸೂರು ಕಡೆಯವರು, ಎರಡು ಭಾಷೆಯೂ ಬಲ್ಲವರು. ಅವರು ಹಣೆ ಚಚ್ಚಿಕೊಂಡರು. ತಮಿಳಿನಲ್ಲಿ ಮೂಳೈ ಎಂದರೆ ಮಿದುಳು.

ಆಮೇಲೆ ಡಾಕ್ಟರು ನಿಧಾನವಾಗಿ ಹೇಳಿದರು, ನರ್ಸ್ ಕನ್ನಡ ಮಾಡಿದರು. ಈ ಇಂಜೆಕ್ಷನ್ನಿನ ಔಷಧ ತಯಾರಾಗುವುದು ಕುರಿಯ ಮಿದುಳಿನಲ್ಲಿ. ನಂಜನ್ನು ಅದರಲ್ಲಿ ಬೆಳೆಸಿ, ಕೊಂದು, ನಮ್ಮ ಮೈಗೆ ತೋರಿಸುತ್ತಾರೆ, ಇದು ಶತ್ರು, ಗುರುತು ಇಟ್ಟುಕೋ ಎಂದು. ಮೈ ಗುರುತು ಇಟ್ಟುಕೊಳ್ಳುತ್ತದೆ, ಕಾದಾಡಲು ಕಲಿಯುತ್ತದೆ. ಎಲ್ಲೋ ಒಬ್ಬೊಬ್ಬರ ಮೈ ಮಾತ್ರ ನಂಜಿನ ಜೊತೆಗೆ ಆ ಮಿದುಳನ್ನೂ ಶತ್ರು ಎಂದುಕೊಳ್ಳುತ್ತದೆ. ಕುರಿಯದಕ್ಕೂ ನಮ್ಮದಕ್ಕೂ ಅದಕ್ಕೆ ಭೇದ ತಿಳಿಯದು. ತನ್ನ ಮಿದುಳು, ತನ್ನ ಬೆನ್ನಹುರಿ, ತನ್ನ ಕಣ್ಣಿನ ನರದ ಮೇಲೇ ಬೀಳುತ್ತದೆ. ಪೂರ್ತಿ ನಮಗೂ ಗೊತ್ತಿಲ್ಲ ಎಂದೂ ಹೇಳಿದರು.

ಕೊರಳಲ್ಲಿ ಲಿಂಗ ಕಟ್ಟಿದವರು ನಾವು, ಮೊಟ್ಟೆ ಮುಟ್ಟದ ಮನೆ. ಕುರಿಯ ಮಿದುಳು ಎಂದ ಕೂಡಲೇ ಅತ್ತೆ ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. “ಅಂಗಾರೆ ಬೇಲೀನೇ ಎದ್ದು ಒಲ ಮೇಯ್ದಂಗಾಯ್ತು” ಎಂದರು.

ನರ್ಸ್ ಅದನ್ನು ತಮಿಳು ಮಾಡಿದರು. ಡಾಕ್ಟರು, ಅದೇ, ಅದೇ ಎಂದರಂತೆ.

ಬೇಲಿ ಸುಸ್ತಾಗಿ ನಿಂತರೆ ಕಾಲೂ ಕಣ್ಣೂ ಬರಬಹುದು ಎಂದರು. ಆದರೆ ಇದು ಅದೇ ಎಂದು ಆಣೆ ಮಾಡಿ ಹೇಳಲಾರೆ, ನಾಯಿಯ ನಂಜೂ ಒಮ್ಮೊಮ್ಮೆ ಕಾಲಿನಿಂದ ಶುರುವಾಗುತ್ತದೆ, ಇಂಜೆಕ್ಷನ್ನೂ ಅರ್ಧಕ್ಕೆ ನಿಂತಿದೆ, ನೀರು ಕುಡಿಯುತ್ತಿರುವವರೆಗೆ ಧೈರ್ಯವಾಗಿರೋಣ ಎಂದರು. ಅಷ್ಟು ಕೇಳಿದ ಮೇಲೆ ಯಾವ ಅಜ್ಜಿ ಮಗುವನ್ನು ಅಲ್ಲಿ ಬಿಡುತ್ತಾಳೆ? ಅತ್ತೆ ಅವತ್ತಿನ ಬಸ್ಸಿಗೇ ಚಿನ್ನಿಯನ್ನು ಹನೂರಿಗೆ ಕರೆದುಕೊಂಡು ಹೋದರು. ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳು. ಎದೆ ಹಾಲು ಕಟ್ಟಿಕೊಂಡು ಜ್ವರ ಬಂತು. ಆಮೇಲೆ ಹಾಲೂ ಬತ್ತಿತು.

ವಾರ್ಡಿನಲ್ಲಿ ಬೆಳಿಗ್ಗೆ ಡಾಕ್ಟರು ಬಂದು ನಿಲ್ಲುವರು. ಅವರಿಗೂ ಮುಖವಿಲ್ಲ, ಬಿಳಿ ಕೋಟು ಮತ್ತು ಧ್ವನಿ ಮಾತ್ರ. ನರ್ಸ್ ಲೋಟದಲ್ಲಿ ನೀರು ಕೊಡುವರು. ಅತ್ತೆ ನೀರು ತಂದರೆ ನೋಡು ಎನ್ನುತ್ತಿದ್ದರು, ಇವರು ತಂದರೆ ಕುಡಿ ಎನ್ನುತ್ತಿದ್ದರು. ಎರಡೂ ಒಂದೇ ಭಯ. ಅಕ್ಕಪಕ್ಕದ ಹಾಸಿಗೆಯವರೂ ಮಾತು ನಿಲ್ಲಿಸಿ ನನ್ನ ಗಂಟಲನ್ನೇ ನೋಡುವರು. ಪ್ರತಿ ಗುಟುಕಿಗೂ ನಮ್ಮ ಹಸುವಿನ ಗಂಟಲು ನೆನಪಾಗುತ್ತಿತ್ತು, ಒಳಗೆ ನನ್ನ ಕೈಗೆ ತಗುಲಿದ ಆ ಬಿಸಿ, ಆ ನಡುಕ.

ಒಂದು ಬೆಳಿಗ್ಗೆ ನೀರು ನೆತ್ತಿಗೆ ಹತ್ತಿತು.

ಕೆಮ್ಮು. ಮೂಗಿನಲ್ಲೂ ನೀರು. ಲೋಟ ಬಿತ್ತು. ಬಿಳಿ ಕೋಟು ಒಂದು ಹೆಜ್ಜೆ ಹಿಂದೆ ಹೋಯಿತು. ಎದುರಿನ ಹಾಸಿಗೆಯಾಕೆ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ಕೆಮ್ಮು ಮುಗಿಸಿ, “ನನ್ನ ಮಗಳು ನೆನೆಸ್ಕೊಂಡ್ಳು ಅನ್ಸುತ್ತೆ, ಇನ್ನೊಂದು ಲೋಟ ಕೊಡಿ” ಎಂದೆ. ಕೊಟ್ಟರು. ಗಟಗಟನೆ ಕುಡಿದು ಲೋಟ ಬೋರಲು ಹಾಕಿ ತೋರಿಸಿದೆ. ನರ್ಸ್ ಅತ್ತುಬಿಟ್ಟರು. ಆಮೇಲೆ ನಾನೂ ಅತ್ತುಬಿಟ್ಟೆ. ಅವತ್ತಿನಿಂದ ಡಾಕ್ಟರು ಲೋಟವನ್ನು ತಾವೇ ಕೊಡತೊಡಗಿದರು.

ಹೋದದ್ದು ಒಂದೇ ಏಟಿಗೆ, ಬಂದದ್ದು ಜಿಪುಣನ ಕೈಯ ದಾನದಂತೆ. ಮೊದಲು ಹೆಬ್ಬೆರಳು ಅಲುಗಿತು. ಕ್ಯಾಥೆಟರ್ ತೆಗೆದರು. ಕಣ್ಣಿನ ತೂತು ಅಂಚಿನಿಂದ ತುಂಬುತ್ತ ಬಂತು. ಯಜಮಾನರ ಮೀಸೆ ಕಂಡ ದಿನ ನಾನು ಅದನ್ನು ಹಿಡಿದು ನೋಡಿದೆ, ನಾಚಿಕೊಂಡರು. ಅವರು ದುಡಿಮೆ ಬಿಟ್ಟು ನನ್ನ ಬಟ್ಟೆ ಒಗೆದವರು. ಊರಿನವರು ಏನೆಂದರೋ, ನನಗೆ ಹೇಳಲಿಲ್ಲ.

ಹನೂರಿಗೆ ಬಂದಾಗ ಬೇಸಿಗೆ ಮುಗಿದಿತ್ತು. ಎರಡು ಕೋಲು ಹಿಡಿದು ಗಾಡಿಯಿಂದ ಇಳಿದೆ. ಚಿನ್ನಿ ಅಂಗಳದಲ್ಲಿ ಓಡಾಡುತ್ತಿದ್ದಳು. ಅವಳು ನಡೆಯಲು ಕಲಿತದ್ದೂ, ನಾನು ಮತ್ತೆ ಕಲಿತದ್ದೂ ಒಂದೇ ಕಾಲದಲ್ಲಿ. ನಾನು ಕರೆದೆ. ಅವಳು ನನ್ನ ಕೋಲು ನೋಡಿದಳು, ಜಡೆ ಸಿಕ್ಕುಗಟ್ಟಿತೆಂದು ಆಸ್ಪತ್ರೆಯಲ್ಲಿ ಬೋಳಿಸಿದ್ದ ತಲೆ ನೋಡಿದಳು, ಚೀರಿಕೊಂಡು ಓಡಿದಳು.

“ಅವ್ವಾ” ಎಂದು ಅತ್ತೆಯ ಸೀರೆ ಹಿಡಿದುಕೊಂಡಳು.

ಡಾಕ್ಟರು ಹೇಳಿದ್ದು ಆಗ ನನಗೆ ಪೂರ್ತಿ ಅರ್ಥವಾಯಿತು. ತನ್ನದನ್ನು ತನ್ನದಲ್ಲ ಎಂದುಕೊಳ್ಳುವುದು. ನನ್ನ ಮೈ ನನಗೆ ಮಾಡಿದ್ದನ್ನೇ ನನ್ನ ಕೂಸೂ ಮಾಡಿತು, ಎರಡರಲ್ಲೂ ಯಾರದೂ ತಪ್ಪಿಲ್ಲ. ಜಗಲಿಯಲ್ಲಿ ಕೂತೆ. ಕಾಲು ಹೋದಾಗ ಇಷ್ಟು ಅತ್ತಿರಲಿಲ್ಲ.

ಅತ್ತೆ ಒಳಗೆ ಹೋಗಿ ಅದೇ ಹಿತ್ತಾಳೆ ಬೋಗುಣಿಯಲ್ಲಿ ನೀರು ತಂದರು. ಇನ್ನೂ ಪರೀಕ್ಷೆಯೆ ಎಂದು ಕೇಳಬೇಕೆನಿಸಿತು. ಅವರು ಪಕ್ಕದಲ್ಲಿ ಕೂತು, “ನಿನ್ ಕೈ ಸಣ್ದು ಅಂತ ಏಳ್ದೋಳು ನಾನು ಕಣವ್ವ” ಎಂದರು. ಅಷ್ಟು ದಿನ ಆ ಮಾತು ಇಬ್ಬರೂ ಆಡಿರಲಿಲ್ಲ. ನಾನು ಬಗ್ಗಿದೆ. ನೀರಿನಲ್ಲಿ ಎರಡು ಮುಖಗಳಿದ್ದವು, ಅವರದೂ ನನ್ನದೂ. ನನ್ನದು ಬಣ್ಣ ಮಾಸಿ, ಎಲುಬು ಎದ್ದು, ನನಗೇ ಅಷ್ಟು ಪರಿಚಯವಿಲ್ಲದ ಹಾಗಿತ್ತು. ಆದರೂ ನನ್ನದೇ.

ನೀರು ಕಂಡರೆ ಬಿಡುವ ಮಗುವಲ್ಲ ಚಿನ್ನಿ. ಮೆಲ್ಲಗೆ ಬಂದು ಅಜ್ಜಿಯ ತೋಳಿನ ಕೆಳಗೆ ತಲೆ ತೂರಿಸಿ ಬಗ್ಗಿದಳು. ಮೂರು ಮುಖಗಳಾದವು. ನೀರಿಗೆ ಬೆರಳು ತೋರಿಸಿ, “ಅವ್ವ” ಎಂದಳು. ಯಾರಿಗೆ ಎಂದು ಹೇಳಲಾಗದು. ಇಬ್ಬರೂ ಅಲ್ಲಿದ್ದೆವು.

ಅತ್ತೆ ತಮ್ಮ ಮುಖವನ್ನು ನೀರಿನಿಂದ ಹಿಂದೆ ತೆಗೆದುಕೊಂಡರು.

ನೀರು ಸ್ವಲ್ಪ ಅಲುಗಿ ನಿಂತಿತು. ಚಿನ್ನಿ ಇನ್ನೂ ಬಗ್ಗಿಕೊಂಡೇ ಇದ್ದಳು. ನೀರಿನೊಳಗಿನ ನನ್ನ ಮೂಗುತಿಯನ್ನು ಹಿಡಿಯಲು ಕೈ ಹಾಕಿದಳು. ಅದು ಸಿಗಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದಳು, ಒದ್ದೆ ಬೆರಳಿನಿಂದ ಮೂಗುತಿ ಹಿಡಿದಳು, ತಿರುಗಿಸಿದಳು.

“ಅವ್ವ” ಎಂದಳು.

ಈಗ ಒಂದೇ ಕೋಲು. ಎಡಗಾಲಿನ ಬೆರಳುಗಳಿಗೆ ಇನ್ನೂ ನೆಲ ಸರಿಯಾಗಿ ಗೊತ್ತಾಗುವುದಿಲ್ಲ, ಕೆಂಪು ಬಣ್ಣ ಮಾಸಿದ ಇಟ್ಟಿಗೆಯಂತೆ ಕಾಣುತ್ತದೆ. ಬೇಲಿ ಮತ್ತೆ ಏಳುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ. ನೀರು ಕುಡಿಯುವ ಮುಂಚೆ ಈಗಲೂ ಒಂದು ಕ್ಷಣ ಲೋಟದೊಳಗೆ ನೋಡುತ್ತೇನೆ. ಆಮೇಲೆ ಕುಡಿಯುತ್ತೇನೆ.