ಬಾಗಿಲಷ್ಟು ದೊಡ್ಡ ಫೋಟೋ

ಎರಡು ಕ್ಯಾಮೆರಾ ಇದ್ದವನಿಗೆ ಎರಡು ಪಟ್ಟು ಹೆದರಿಕೆ. ರಾಣೆಬೆನ್ನೂರಿನ ನನ್ನ ಸ್ಟುಡಿಯೋಕ್ಕೆ ಡಿಜಿಟಲ್ ಕ್ಯಾಮೆರಾ ಬಂದ ವರ್ಷ ಅದು. ಹಳೆಯದು, ಎದೆಯ ಮಟ್ಟಕ್ಕೆ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಪೆಟ್ಟಿಗೆ. ಅದಕ್ಕೆ ಅಗಲ ರೀಲು, ಒಂದು ರೀಲಿಗೆ ಹನ್ನೆರಡೇ ಫೋಟೋ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮನೆಯ ಮದುವೆ. ತಾಯಿಯಿಲ್ಲದ ಒಬ್ಬಳೇ ಮಗಳು, ಸಾಕಿದವರು ಅವರೇ. "ತಾಳಿ ಕಟ್ಟೂದು ಬಾಗಲದಷ್ಟು ದೊಡ್ಡದು ಮಾಡಿಕೊಡ್ರಿ. ಮಗಳ ಬಾಜೂಕ ನಾ ಇರಬೇಕು. ಇನ್ನ ಮನ್ಯಾಗ ಆಕೀನ ಎಲ್ಲಿ ನೋಡ್ಲಿ?" ಎಂದಿದ್ದರು.

"ಡಿಜಿಟಲ್‌ನ್ಯಾಗ ತಗೀರಿ, ಬಂದೈತೋ ಇಲ್ಲೋ ಅಲ್ಲೇ ಕಾಣತೈತಿ" ಎಂದಳು ನನ್ನ ಹೆಂಡತಿ. ಆದರೆ ಅಷ್ಟು ದೊಡ್ಡದು ಮಾಡಿದರೆ ನನ್ನ ಡಿಜಿಟಲ್ ಚಿತ್ರ ರವೆರವೆಯಾಗಿ ಒಡೆಯುತ್ತಿತ್ತು. ರೀಲೇ ಸೈ ಎಂದೆ.

ಮುಹೂರ್ತಕ್ಕೆ ಸರಿಯಾಗಿ ವ್ಯಾಪಾರಿ ಸೀನಿದರು. ಅಪಶಕುನವೆಂದು ನಾನು ಕ್ಯಾಮೆರಾದಿಂದ ತಲೆ ಎತ್ತಿದೆ. ಯಾರೋ ಮುದುಕಿ, "ಬ್ಯಾಡಗ್ಯಾಗ ಸೀನಿಗೆ ಶಕುನ ನೋಡಿದ್ರ ಒಬ್ಬರಿಗೂ ಲಗ್ನ ಆಗಂಗಿಲ್ಲೋ!" ಎಂದಳು. ಎಲ್ಲರೂ ನಕ್ಕ ಆ ನಗುವಿನಲ್ಲೇ ತಾಳಿ ಕಟ್ಟಿದರು, ನಾನು ರೀಲಿನ ಹತ್ತನೆಯ ಫೋಟೋ ತೆಗೆದೆ. ಉಳಿದ ಎರಡಕ್ಕೂ ಅಕ್ಕಿಕಾಳು ಎರಚುವ ಕೈಗಳು ಅಡ್ಡ ಬಂದವು.

ರೀಲು ಬದಲಿಸಲು ಬಿಸಿಲು ತಪ್ಪಿಸಬೇಕು, ಬೆಳಕು ತಾಗಿದರೆ ಚಿತ್ರ ಅಳಿಸಿಹೋಗುತ್ತದೆ. ಆ ಮನೆಯಲ್ಲಿ ಕತ್ತಲೆಂದರೆ ಹಿತ್ತಿಲಿನ ಮೆಣಸಿನಕಾಯಿ ಗೋದಾಮು. ಎಂಥ ಹುಚ್ಚಪ್ಪ ನಾನು! ರೀಲು ಹೊರಗೆ ತೆಗೆದೆನೋ ಇಲ್ಲವೋ, ಘಾಟು ಮೂಗಿಗೇರಿ ಜೋರಾಗಿ ಸೀನಿದೆ. ರೀಲು ಕೈಜಾರಿ, ಚೀಲದಿಂದ ಚೀಲಕ್ಕೆ ಉರುಳಿ, ಸಡಿಲಾಗುತ್ತ ಬಾಗಿಲ ಬೆಳಕಿಗೆ ಹೋಗಿ ಬಿತ್ತು. ಬಾಚಿಕೊಂಡು ಬಿಗಿಯಾಗಿ ಸುತ್ತಿ, ತುದಿಯ ಅಂಟುಚೀಟಿ ನೆಕ್ಕಿ ಅಂಟಿಸಿದೆ. ನಾಲಗೆ ಉರಿಯಿತು. ಯಾರೂ ನೋಡಿರಲಿಲ್ಲ.

ರೀಲು ಹುಬ್ಬಳ್ಳಿಯ ಲ್ಯಾಬಿಗೆ ಹೋಗಿ ಫೋಟೋ ಬರಲು ನಾಲ್ಕು ದಿನ. ನಡೆದದ್ದನ್ನು ಹೆಂಡತಿಗೊಬ್ಬಳಿಗೇ ಹೇಳಿದ್ದೆ. ಫೋನು ಬಂದರೆ ಅವಳಿಗೇ ಎತ್ತಲು ಹೇಳುತ್ತಿದ್ದೆ. "ಹೋಗಿ ಖರೇ ಹೇಳಿಬಿಡ್ರಿ" ಎಂದಳು ಹೆಂಡತಿ. ಏನಂತ ಹೇಳಲಿ? ಕಟ್ಟಿದ ತಾಳಿ ಬಿಚ್ಚಿ ಇನ್ನೊಮ್ಮೆ ಕಟ್ಟಿಸಿರಿ ಎನ್ನಲೆ? ಅಂಥ ಮಾತು ಆಡಿದ ನಾಲಗೆ ಉಳಿದೀತೆ?

ಫೋಟೋ ಬಂತು. ಮದುಮಕ್ಕಳಿಗೆ ಏನೂ ಆಗಿರಲಿಲ್ಲ. ಬೆಳಕು ತಿಂದದ್ದು ಅಂಚನ್ನು ಮಾತ್ರ. ಆ ಅಂಚಿನಲ್ಲಿ ಅಪ್ಪ ನಿಂತಿದ್ದರು. ಮಗಳ ಭುಜದ ಮೇಲೆ ಅವರ ಒಂದು ಕೈ ಇತ್ತು, ಅದರಾಚೆ ಬರೀ ಬಿಳುಪು.

ಬ್ಯಾಡಗಿಯ ಬಸ್ಸಿನಲ್ಲಿ ಕುಳಿತು, ಖರೇ ಹೇಳುವ ಮಾತನ್ನು ಹತ್ತು ಸಲ ಬಾಯಿಪಾಠ ಮಾಡಿದೆ. ವ್ಯಾಪಾರಿ ಫೋಟೋ ಹಿಡಿದು ಬಹಳ ಹೊತ್ತು ನೋಡಿದರು.

"ಆ ಹೊತ್ತಿಗೆ ನಾ ಸೀನಿದ್ನಲ್ರಿ, ಅದಕ್ಕ ಹಿಂಗ ಅಳಿಸಿ ಹೋಗೇನಿ" ಎಂದರು. "ತಪ್ಪು ನಂದು. ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ."

ಬಾಯಿಪಾಠದ ಮಾತು ನಾಲಗೆಯ ತುದಿಯಲ್ಲೇ ಇತ್ತು. "ಆಗಿರಬಹುದ್ರಿ" ಎಂದೆ.

ಅವರು ತಮ್ಮ ಕೈ ಇದ್ದ ಜಾಗವನ್ನು ಬೆರಳಿನಿಂದ ಸವರಿದರು. "ಇರ್ಲಿ, ಕೈ ಆದ್ರೂ ಬಂದೈತಲ್ಲ. ಇದನ್ನ ಬಾಗಲದಷ್ಟು ಮಾಡಿಕೊಡ್ರಿ."